ಫೋನಿಗೂ ಒಂದು ಹೊತ್ತು, ಒಂದು ಜಾಗ

ಮೊಬೈಲ್ ಬಿಡುತ್ತೇನೆಂದು ಪ್ರತಿಜ್ಞೆ ಮಾಡಿದವರು ಬಹಳ, ಉಳಿಸಿಕೊಂಡವರು ಕಡಿಮೆ. ಪೂರ್ತಿ ಬಿಡುವುದಕ್ಕಿಂತ ಹೊತ್ತು ಗೊತ್ತುಮಾಡುವುದು ಸುಲಭ. ಬಾಳಿಕೆ ಬರುವುದೂ ಅದೇ.

ಬೆಳಗಾವಿಯ ಗಡಿ ದಾಟಿದರೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ. ಅಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಊರಿದೆ. ಸುಮಾರು ಮೂರು ಸಾವಿರ ಜನ. ಹೆಚ್ಚಿನವರು ರೈತರು, ಸಕ್ಕರೆ ಕಾರ್ಖಾನೆಯ ಕಾರ್ಮಿಕರು. 2022ರ ಸ್ವಾತಂತ್ರ್ಯ ದಿನದ ಮುನ್ನಾದಿನ ಸೇರಿದ ಗ್ರಾಮಸಭೆ ಒಂದು ತೀರ್ಮಾನ ಮಾಡಿತು. ದಿನಾ ಸಂಜೆ ಏಳಕ್ಕೆ ದೇವಸ್ಥಾನದ ಮೇಲಿನ ಸೈರನ್ ಕೂಗಬೇಕು. ಆಗ ಊರಿನ ಟಿ.ವಿ.ಗಳು, ಮೊಬೈಲುಗಳು ಬಂದ್. ಎಂಟೂವರೆಗೆ ಮತ್ತೊಮ್ಮೆ ಸೈರನ್. ಅಲ್ಲಿಂದಾಚೆ ಅವರವರ ಇಷ್ಟ.

ಈ ಯೋಚನೆ ಹುಟ್ಟಿದ್ದು ಕೋವಿಡ್ ಕಾಲ ಕಳೆದ ಮೇಲೆ. ಆನ್‌ಲೈನ್ ಪಾಠಕ್ಕೆಂದು ಮಕ್ಕಳ ಕೈಗೆ ಕೊಟ್ಟ ಫೋನು ಶಾಲೆ ತೆರೆದ ಮೇಲೂ ಕೈಬಿಡಲಿಲ್ಲ. ಸೈರನ್ ವಿಷಯ ಪ್ರಸ್ತಾಪವಾದಾಗ ಗಂಡಸರು ಮೊದಲು ನಕ್ಕರು. ಹೆಂಗಸರು ನಗಲಿಲ್ಲ. ತಾವೂ ಧಾರಾವಾಹಿಗಳಿಗೆ ಅಂಟಿಕೊಂಡಿದ್ದೇವೆ ಎಂದು ಒಪ್ಪಿಕೊಂಡೇ ನಿರ್ಧಾರದ ಬೆನ್ನಿಗೆ ನಿಂತರು. ಶುರುವಿನ ದಿನಗಳಲ್ಲಿ ಪಂಚಾಯಿತಿ ಸಿಬ್ಬಂದಿ ಮತ್ತು ಊರಿನ ಕೆಲವರು ಸೈರನ್ ಕೂಗಿದ ಕೂಡಲೇ ಓಣಿ ಓಣಿ ತಿರುಗಿ ಜನರನ್ನು ಒಪ್ಪಿಸಬೇಕಾಯಿತು.

ಆ ಊರು ಯಾರಿಗೂ ಫೋನು ಬಿಡಿ ಎನ್ನಲಿಲ್ಲ. ಫೋನು ಕೆಟ್ಟದ್ದು ಎಂಬ ಭಾಷಣವನ್ನೂ ಬಿಗಿಯಲಿಲ್ಲ. ಕೇಳಿದ್ದು ಒಂದೂವರೆ ಗಂಟೆ. ಅದೂ ಎಲ್ಲರಿಗೂ ಒಂದೇ ಹೊತ್ತು, ಎಲ್ಲರೂ ಕೂತು ಗೊತ್ತುಮಾಡಿದ ಹೊತ್ತು. ಒಬ್ಬೊಬ್ಬರ ಮನೋಬಲದ ಮೇಲೆ ಹೊರಿಸಬಹುದಾಗಿದ್ದ ಭಾರವನ್ನು ಅವರು ಗಡಿಯಾರದ ಮೇಲೆ ಹೊರಿಸಿದರು. ಫೋನು, ಕಂಪ್ಯೂಟರುಗಳ ಬಳಕೆಯನ್ನು ಹಿಡಿತಕ್ಕೆ ತರುವ ಬಗ್ಗೆ ಮನಶ್ಶಾಸ್ತ್ರಜ್ಞರು ಹೇಳುವ ಬಹಳಷ್ಟು ಮಾತು ಈ ಊರಿನ ನಡೆಯಲ್ಲೇ ಇದೆ.

ಕೊನೆಯ ಪುಟ ಎಲ್ಲಿ ಹೋಯಿತು?

ಮೂವತ್ತು ನಲವತ್ತು ವರ್ಷಗಳ ಹಿಂದಿನ ಮನೆಯನ್ನು ನೆನೆಸಿಕೊಳ್ಳಿ. ಸುದ್ದಿಗೆ ಒಂದು ಹೊತ್ತಿತ್ತು. ಆಕಾಶವಾಣಿಯ ವಾರ್ತೆ ಶುರುವಾಗುತ್ತಿತ್ತು, ಮುಗಿಯುತ್ತಿತ್ತು. ಅಂಚೆಯಣ್ಣ ದಿನಕ್ಕೊಮ್ಮೆ ಬಂದು ಹೋದರೆ ಆ ದಿನದ ಕಾಗದಗಳ ಕಥೆ ಅಲ್ಲಿಗೆ ಮುಗಿಯಿತು. 1987ರಲ್ಲಿ ದೂರದರ್ಶನ ಭಾನುವಾರ ಬೆಳಿಗ್ಗೆ ರಾಮಾಯಣ ತೋರಿಸುತ್ತಿದ್ದಾಗ ಬೀದಿಗಳು ಖಾಲಿಯಾಗುತ್ತಿದ್ದವು ನಿಜ. ಕಂತು ಮುಗಿದ ಕೂಡಲೇ ತುಂಬುತ್ತಲೂ ಇದ್ದವು. ಪತ್ರಿಕೆಗೆ ಕೊನೆಯ ಪುಟವಿತ್ತು, ಅದನ್ನು ಮಡಿಸಿಟ್ಟು ಎದ್ದೇಳಬಹುದಿತ್ತು. ಆಗಿನವರಿಗೆ ನಮಗಿಂತ ಹೆಚ್ಚು ಸಂಯಮವಿತ್ತು ಎಂದೇನೂ ಅಲ್ಲ. ಸಾಕು ಎಂದು ಹೇಳುವ ಕೆಲಸವನ್ನು ಆ ಮಾಧ್ಯಮಗಳೇ ಮಾಡುತ್ತಿದ್ದವು.

2006ರಲ್ಲಿ ಆಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರ ‘ಇನ್ಫಿನಿಟ್ ಸ್ಕ್ರೋಲ್’ ರೂಪಿಸಿದರು. ಅದಕ್ಕೆ ಮೊದಲು ಜಾಲತಾಣದ ಪುಟದ ಬುಡದಲ್ಲಿ ‘ಮುಂದಿನ ಪುಟ’ ಎಂಬ ಗುಂಡಿ ಇರುತ್ತಿತ್ತು. ಒತ್ತಬೇಕೋ ಬೇಡವೋ ಎಂದು ನಾವು ಒಂದು ಕ್ಷಣ ಯೋಚಿಸಬೇಕಿತ್ತು. ರಾಸ್ಕಿನ್ ಆ ಕ್ಷಣವನ್ನೇ ತೆಗೆದುಹಾಕಿದರು. ಬೆರಳು ಸರಿಸಿದಷ್ಟೂ ಪುಟ ಬೆಳೆಯತೊಡಗಿತು. ಮುಂದೆ ಅವರೇ ಇದಕ್ಕಾಗಿ ಬಹಿರಂಗವಾಗಿ ವಿಷಾದಿಸಿದರು. ಗೂಗಲ್‌ನಲ್ಲಿ ಕೆಲಸ ಮಾಡಿದ್ದ ಟ್ರಿಸ್ಟನ್ ಹ್ಯಾರಿಸ್ ಜೊತೆ ಸೇರಿ, ತಂತ್ರಜ್ಞಾನ ಮನುಷ್ಯರ ಗಮನವನ್ನು ಗೌರವಿಸಬೇಕೆಂದು ಒತ್ತಾಯಿಸುವ ಸಂಸ್ಥೆಯನ್ನೂ ಕಟ್ಟಿದರು. ವಿನ್ಯಾಸ ಮಾತ್ರ ಎಲ್ಲ ಆ್ಯಪ್‌ಗಳಿಗೂ ಹರಡಿ ಆಗಿತ್ತು.

ಭಾರತದಲ್ಲಿ ಇದಕ್ಕೆ ಎರಡು ಸಂಗತಿ ಕೂಡಿಕೊಂಡವು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ದರ ನೆಲಕಚ್ಚಿತು. ದುಡ್ಡು ಖರ್ಚಾಗುತ್ತದೆ ಎಂಬ ಕಾರಣಕ್ಕೆ ಫೋನು ಕೆಳಗಿಡುವ ಅಗತ್ಯವೇ ಹೋಯಿತು. 2020ರ ಜೂನ್ ಕೊನೆಗೆ ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಚುಟುಕು ವಿಡಿಯೊಗಳ ಹಾವಳಿ ತಗ್ಗೀತೆಂದು ಹಲವರು ಅಂದುಕೊಂಡರು. ಮರು ತಿಂಗಳೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಶುರುಮಾಡಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಪ್ರಯೋಗಕ್ಕೆ ಆರಿಸಿಕೊಂಡಿದ್ದೂ ಭಾರತವನ್ನೇ.

ರೀಲ್ಸ್ ನೋಡುವವರನ್ನು ಕೇಳಿದರೆ ಹತ್ತರಲ್ಲಿ ಎಂಟು ಸಪ್ಪೆ ಎನ್ನುತ್ತಾರೆ. ಆದರೂ ನೋಡುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದ ನಡುಭಾಗದಲ್ಲಿ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇದರ ಗುಟ್ಟು ಸಿಗುತ್ತದೆ. ಗುಂಡಿ ಕುಕ್ಕಿದಾಗ ಇಂತಿಷ್ಟು ಸಲಕ್ಕೊಮ್ಮೆ ಕಾಳು ಖಚಿತವಾಗಿ ಸಿಗುವಂತಿದ್ದರೆ ಪಾರಿವಾಳ ನಡುನಡುವೆ ಬಿಡುವು ತೆಗೆದುಕೊಳ್ಳುತ್ತಿತ್ತು. ಯಾವ ಸಲ ಸಿಗುತ್ತದೆಂದು ಗೊತ್ತಾಗದಂತೆ ಮಾಡಿದರೆ ಬಿಡುವಿಲ್ಲದೆ ಕುಕ್ಕುತ್ತಲೇ ಇರುತ್ತಿತ್ತು. ಮುಂದಿನದು ಚೆನ್ನಾಗಿರಬಹುದು ಎಂಬ ಆಸೆಯಲ್ಲಿ ನಮ್ಮ ಹೆಬ್ಬೆರಳೂ ಅದನ್ನೇ ಮಾಡುತ್ತಿದೆ.

ಬಿಟ್ಟರೆ ನಡೆಯದು

ಹಾಗಾದರೆ ಸ್ಮಾರ್ಟ್‌ಫೋನ್ ಎಸೆದು ಗುಂಡಿ ಫೋನಿಗೆ ಮರಳಿದರಾಯಿತು ಎನ್ನುವವರಿದ್ದಾರೆ. ಹೇಳುವುದು ಸುಲಭ. 2016ರಲ್ಲಿ ಶುರುವಾದ ಯುಪಿಐ ಇಂದು ತರಕಾರಿ ಗಾಡಿಯ ಮೇಲೂ ಇದೆ. ಬ್ಯಾಂಕಿನ ಒಟಿಪಿ, ಅಡುಗೆ ಅನಿಲದ ಬುಕಿಂಗ್, ಸೇವಾ ಸಿಂಧು ಅರ್ಜಿ, ಮಗುವಿನ ಶಾಲೆಯ ಹೋಂವರ್ಕ್ ಎಲ್ಲವೂ ಫೋನಿನಲ್ಲೇ. ನಮ್ಮ ಮೆಟ್ರೊ 2022ರ ನವೆಂಬರಿನಿಂದ ವಾಟ್ಸ್‌ಆ್ಯಪ್‌ನಲ್ಲೇ ಟಿಕೆಟ್ ಕೊಡುತ್ತಿದೆ.

ತೊಡಕು ಇರುವುದು ಇಲ್ಲೇ. ಟಿಕೆಟ್ ಕೊಳ್ಳಲು ವಾಟ್ಸ್‌ಆ್ಯಪ್ ತೆರೆದವರ ಕಣ್ಣಿಗೆ ಮೊದಲು ಬೀಳುವುದು ಟಿಕೆಟ್ ಅಲ್ಲ. ಕುಟುಂಬದ ಗುಂಪಿನ ಶುಭೋದಯ, ಅಪಾರ್ಟ್‌ಮೆಂಟ್ ಗುಂಪಿನ ನೀರಿನ ಜಗಳ, ಕಚೇರಿ ಗುಂಪಿನ ಹೊಸ ಆದೇಶ. ಅಂಗಡಿಗೆ ಉಪ್ಪು ತರಲು ಹೊರಟವರು ಪ್ರತಿ ಸಲವೂ ಜಾತ್ರೆಯ ನಡುವೆಯೇ ಹಾದು ಹೋಗಬೇಕಾದಂತಾಗಿದೆ. ಉಪ್ಪಂತೂ ಬೇಕು. ಅದಕ್ಕೇ ಪೂರ್ತಿ ಬಿಡುವ ಪ್ರತಿಜ್ಞೆಗಳು ವಾರದೊಳಗೆ ಮುರಿಯುತ್ತವೆ. ಮುರಿದ ಮೇಲೆ ಇದು ನನ್ನಿಂದಾಗದು ಎಂಬ ನಿರಾಶೆ ಉಳಿಯುತ್ತದೆ.

2019ರಲ್ಲಿ ಪ್ರಕಟವಾದ, 237 ಮಂದಿಯ ಮೇಲೆ ನಡೆಸಿದ ಪ್ರಯೋಗವೊಂದು ಇದನ್ನೇ ಬೇರೆ ರೀತಿಯಲ್ಲಿ ತೋರಿಸಿತು. ಕೆಲವರಿಗೆ ಫೋನಿನ ನೋಟಿಫಿಕೇಶನ್‌ಗಳು ಎಂದಿನಂತೆ ಬರುತ್ತಿದ್ದವು. ಕೆಲವರಿಗೆ ಪೂರ್ತಿ ಬಂದ್. ಇನ್ನು ಕೆಲವರಿಗೆ ದಿನಕ್ಕೆ ಮೂರು ನಿಗದಿತ ಹೊತ್ತಿನಲ್ಲಿ ಒಟ್ಟಾಗಿ ಬರುವಂತೆ ಮಾಡಲಾಗಿತ್ತು. ಹೆಚ್ಚು ಲಾಭವಾದದ್ದು ಈ ಮೂರನೆಯವರಿಗೆ. ಗಮನ ಹೆಚ್ಚಿತು, ಒತ್ತಡ ಇಳಿಯಿತು, ಫೋನು ತಮ್ಮ ಹಿಡಿತದಲ್ಲಿದೆ ಎನ್ನಿಸಿತು. ನೋಟಿಫಿಕೇಶನ್ ಪೂರ್ತಿ ಬಂದ್ ಆಗಿದ್ದವರಿಗೆ ಅಷ್ಟು ಲಾಭವಾಗಲಿಲ್ಲ. ಏನೋ ತಪ್ಪಿಹೋಗುತ್ತಿದೆ ಎಂಬ ಆತಂಕ ಬೇರೆ ಹೆಚ್ಚಿತು.

ಇ–ಮೇಲ್ ವಿಷಯದಲ್ಲೂ ಇದೇ ಕಥೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 124 ಮಂದಿಗೆ ಒಂದು ವಾರ ಎಷ್ಟು ಸಲ ಬೇಕಾದರೂ ಮೇಲ್ ನೋಡಿ ಎಂದರು, ಇನ್ನೊಂದು ವಾರ ದಿನಕ್ಕೆ ಮೂರೇ ಸಲ ಎಂದರು. ಮೂರು ಸಲದ ವಾರದಲ್ಲಿ ಒತ್ತಡ ಕಡಿಮೆಯಿತ್ತು. ಬಾಗಿಲು ಸದಾ ತೆರೆದಿಟ್ಟರೂ ಕಷ್ಟ, ಶಾಶ್ವತವಾಗಿ ಮುಚ್ಚಿದರೂ ಕಷ್ಟ. ತೆರೆಯುವ ಹೊತ್ತು ಗೊತ್ತಿದ್ದರೆ ಮನಸ್ಸು ಕಾಯುತ್ತದೆ.

ನಲವತ್ತೇಳು ಸೆಕೆಂಡು

ಫೋನಿನ ಮೇಲೆ ಎಲ್ಲರಿಗೂ ಸಿಟ್ಟು. ಕಂಪ್ಯೂಟರ್ ಕೆಲಸದ ಹೆಸರಿನಲ್ಲಿ ತಪ್ಪಿಸಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಕಚೇರಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತವರನ್ನು ಎರಡು ದಶಕ ಗಮನಿಸಿದವರು. 2004ರ ಸುಮಾರಿಗೆ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ಗಮನ ನಿಲ್ಲಿಸುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಅದು 47 ಸೆಕೆಂಡಿಗೆ ಇಳಿದಿದೆ ಎಂದು 2023ರ ಪುಸ್ತಕದಲ್ಲಿ ಅವರು ಬರೆದಿದ್ದಾರೆ. ಇನ್ನೊಂದು ಮಾತು ಹೆಚ್ಚು ಚುಚ್ಚುವಂಥದ್ದು. ಕೆಲಸಕ್ಕೆ ಬೀಳುವ ಅಡ್ಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೊರಗಿನಿಂದ ಬರುವುದಿಲ್ಲ. ಯಾರೂ ಕರೆಯದೆ, ಯಾವ ಸದ್ದೂ ಆಗದೆ ನಾವೇ ಕೆಲಸ ಬಿಟ್ಟು ಇನ್ನೊಂದು ಕಿಟಕಿಗೆ ಜಿಗಿಯುತ್ತೇವೆ.

ಜಿಗಿದು ಬಂದ ಮೇಲೂ ಮನಸ್ಸು ಪೂರ್ತಿ ಬರುವುದಿಲ್ಲ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಹಿಂದಿನದರ ಗುಂಗು ಉಳಿದು ಹೊಸ ಕೆಲಸ ಮಂಕಾಗುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದರು. ಬೆಳಗಿನಿಂದ ಸಂಜೆಯವರೆಗೆ ಲ್ಯಾಪ್‌ಟಾಪ್ ಮುಂದೆ ಕೂತು, ಏನು ಮಾಡಿದೆ ಎಂದು ಕೇಳಿದರೆ ಹೇಳಲು ಏನೂ ಸಿಗದೆ ಸುಸ್ತಾಗಿ ಏಳುವವರಿಗೆ ಇದನ್ನು ವಿವರಿಸಬೇಕಿಲ್ಲ.

ಇದಕ್ಕೆ ಹಳೆಯ, ಅಗ್ಗದ ಉಪಾಯವೊಂದಿದೆ. ಕಂಪ್ಯೂಟರ್ ತೆರೆಯುವ ಮೊದಲು, ಈ ಸಲ ಇದನ್ನು ಏಕೆ ತೆರೆಯುತ್ತಿದ್ದೇನೆ ಎಂದು ಚೀಟಿಯ ಮೇಲೆ ಒಂದು ಸಾಲು ಬರೆದು ಪಕ್ಕದಲ್ಲಿಡುವುದು. ಕೆಲಸದ ನಡುವೆ ಬೇರೆ ಏನಾದರೂ ಹೊಳೆದರೆ ಅದನ್ನೂ ಚೀಟಿಗೆ ಇಳಿಸಿ ಮುಂದುವರಿಯುವುದು. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ, 1980ರ ದಶಕದ ಕೊನೆಯಲ್ಲಿ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಓದುತ್ತಿದ್ದರು. ಅದರಿಂದಲೇ 25 ನಿಮಿಷ ಕೆಲಸ, 5 ನಿಮಿಷ ವಿರಾಮ ಎಂಬ ‘ಪೊಮೊಡೊರೊ’ ಪದ್ಧತಿ ಹುಟ್ಟಿತು. ಅಂಕಿ ಮುಖ್ಯವಲ್ಲ, ಕೆಲಸಕ್ಕೂ ವಿರಾಮಕ್ಕೂ ಒಂದು ಕೊನೆ ಇರುವುದು ಮುಖ್ಯ. ಆ ಐದು ನಿಮಿಷವನ್ನು ಫೋನಿಗೆ ಕೊಟ್ಟರೆ ಮಾತ್ರ ಎಲ್ಲವೂ ವ್ಯರ್ಥ. ಎದ್ದು ಕಿಟಕಿಯಾಚೆ ನೋಡಿ. ಹತ್ತಿರದ ಪರದೆಯನ್ನು ಎಡೆಬಿಡದೆ ನೋಡಿದರೆ ಕಣ್ಣು ದಣಿಯುವುದರಿಂದಲೇ, 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ ಎಂದು ಕಣ್ಣಿನ ವೈದ್ಯರು ಹೇಳುವುದು.

ಛಲ ಬೇಡ, ಜಾಗ ಬದಲಿಸಿ

ನಾವು ದಿನವೂ ಮಾಡುವ ಕೆಲಸಗಳಲ್ಲಿ ಸುಮಾರು ಶೇ 43ರಷ್ಟು ಅಭ್ಯಾಸಬಲದಿಂದ, ಬೇರೇನನ್ನೋ ಯೋಚಿಸುತ್ತಾ ಮಾಡುವಂಥವು ಎಂದು ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಅವರ ಅಧ್ಯಯನ ಹೇಳುತ್ತದೆ. ಅಭ್ಯಾಸಕ್ಕೆ ಕಾರಣ ಬೇಕಿಲ್ಲ, ಸನ್ನೆ ಸಾಕು. ಹಾಸಿಗೆ ಒಂದು ಸನ್ನೆ, ಲಿಫ್ಟ್ ಒಂದು ಸನ್ನೆ, ಸಿಗ್ನಲ್‌ನ ಕೆಂಪು ದೀಪ ಇನ್ನೊಂದು. ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಹೀಗೆ ತಾನಾಗಿ ಹೋಗುವ ಕೈಯನ್ನು ಪ್ರತಿ ಸಲವೂ ಛಲದಿಂದ ತಡೆಯಲು ಹೊರಟರೆ ಸೋಲು ಖಚಿತ. ಕೈಗೆ ಸಿಗದ ಕಡೆ ಫೋನಿಟ್ಟರೆ ತಡೆಯುವ ಪ್ರಮೇಯವೇ ಬರುವುದಿಲ್ಲ.

ಟೆಕ್ಸಸ್ ವಿಶ್ವವಿದ್ಯಾಲಯದ ಆ್ಯಡ್ರಿಯನ್ ವಾರ್ಡ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಫೋನನ್ನು ಮೇಜಿನ ಮೇಲಿಟ್ಟು, ಕೆಲವರು ಜೇಬು ಅಥವಾ ಚೀಲದಲ್ಲಿಟ್ಟು, ಕೆಲವರು ಪಕ್ಕದ ಕೋಣೆಯಲ್ಲಿಟ್ಟು ಪರೀಕ್ಷೆ ಬರೆದರು. ಎಲ್ಲ ಫೋನೂ ಸದ್ದಿಲ್ಲದೆ ಇದ್ದವು. ಪಕ್ಕದ ಕೋಣೆಯಲ್ಲಿಟ್ಟವರು ಮೇಜಿನ ಮೇಲಿಟ್ಟವರಿಗಿಂತ ಚೆನ್ನಾಗಿ ಮಾಡಿದರು. ನಂತರ ಬೇರೆಯವರು ನಡೆಸಿದ ಪ್ರಯೋಗಗಳಲ್ಲೆಲ್ಲ ಇದೇ ಫಲಿತಾಂಶ ಬಂದಿಲ್ಲ. ಆದರೂ ಪಕ್ಕದ ಕೋಣೆಯಲ್ಲಿಟ್ಟು ನೋಡಲು ಖರ್ಚೇನೂ ಇಲ್ಲ.

ಜಾಗದಷ್ಟೇ ಮುಖ್ಯ, ಮೊದಲೇ ಮಾಡಿಕೊಂಡ ಕರಾರು. ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1990ರ ದಶಕದಿಂದ ಇದರ ಬಗ್ಗೆ ಕೆಲಸ ಮಾಡಿದ್ದಾರೆ. ‘ಫೋನ್ ಕಡಿಮೆ ಮಾಡುತ್ತೇನೆ’ ಎಂಬುದು ಆಸೆ ಅಷ್ಟೆ. ‘ಊಟಕ್ಕೆ ಕೂತಾಗ ಫೋನನ್ನು ದೇವರ ಮನೆಯ ಪಕ್ಕದ ಗೂಡಿನಲ್ಲಿ ಇಡುತ್ತೇನೆ’ ಎಂಬುದು ಯೋಜನೆ. ಯಾವಾಗ, ಎಲ್ಲಿ, ಏನು ಮಾಡುತ್ತೇನೆ ಎಂದು ಖಚಿತವಾಗಿ ಹೇಳಿಕೊಂಡವರು ಅದನ್ನು ಮಾಡಿ ಮುಗಿಸುವ ಸಾಧ್ಯತೆ ಹೆಚ್ಚು ಎಂಬುದನ್ನು ಅವರ ಅಧ್ಯಯನಗಳು ತೋರಿಸಿವೆ.

ಎಷ್ಟು ದಿನ ಬೇಕು? ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಎಂಬ ಮಾತು ಎಲ್ಲ ವ್ಯಕ್ತಿತ್ವ ವಿಕಸನ ಭಾಷಣಗಳಲ್ಲೂ ಕೇಳುತ್ತದೆ. ಅದರ ಮೂಲ 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ ಬರೆದ ಪುಸ್ತಕ. ಬದಲಾದ ಮುಖಕ್ಕೆ ರೋಗಿಗಳು ಒಗ್ಗಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕೆಂದು ಅವರು ಗಮನಿಸಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿದಾಗ ಹೊಸ ಅಭ್ಯಾಸ ತಾನೇ ತಾನಾಗಿ ನಡೆಯಲು ಸಾಮಾನ್ಯವಾಗಿ 66 ದಿನಗಳ ಆಸುಪಾಸು ಹಿಡಿಯಿತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನದ ಅಂದಾಜು ಬಂತು. ಸಮಾಧಾನದ ವಿಷಯವೂ ಅದೇ ಅಧ್ಯಯನದಲ್ಲಿದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ.

ಇಷ್ಟು ಮಾಡಿ ನೋಡಿ

• ಫೋನಿನ ಚಾರ್ಜರನ್ನು ಮಲಗುವ ಕೋಣೆಯಿಂದ ಹಜಾರಕ್ಕೆ ಸಾಗಿಸಿ. ಎಬ್ಬಿಸಲು ಹಳೆಯ ಅಲಾರಂ ಗಡಿಯಾರ ಸಾಕು.

• ಮನುಷ್ಯರು ನಿಮಗೆಂದೇ ಕಳಿಸಿದ ಸಂದೇಶ, ಕರೆ, ಬ್ಯಾಂಕಿನ ಎಚ್ಚರಿಕೆ ಇವನ್ನು ಬಿಟ್ಟು ಉಳಿದೆಲ್ಲ ನೋಟಿಫಿಕೇಶನ್ ನಿಲ್ಲಿಸಿ. ರಿಯಾಯಿತಿ ಮಾರಾಟದ ಸುದ್ದಿ ತಡವಾಗಿ ತಿಳಿದರೆ ದುಡ್ಡು ಉಳಿಯುತ್ತದೆ.

• ‘ತುರ್ತು ಬಂದರೆ?’ ಎಂಬ ಅಂಜಿಕೆಗೆ ‘ಡು ನಾಟ್ ಡಿಸ್ಟರ್ಬ್’ನಲ್ಲೇ ಉತ್ತರವಿದೆ. ಮನೆಯವರ ಕರೆ ಮತ್ತು ಒಬ್ಬರೇ ಮತ್ತೆ ಮತ್ತೆ ಮಾಡಿದ ಕರೆ ಮಾತ್ರ ಕೇಳಿಸುವಂತೆ ಹೊಂದಿಸಬಹುದು.

• ವಾಟ್ಸ್‌ಆ್ಯಪ್ ಗುಂಪುಗಳನ್ನು ಶಾಶ್ವತವಾಗಿ ಮ್ಯೂಟ್ ಮಾಡಿ, ಆರ್ಕೈವ್‌ಗೆ ಹಾಕಿ. ಗುಂಪು ಬಿಟ್ಟಂತಾಗುವುದಿಲ್ಲ, ಯಾರಿಗೂ ಬೇಸರವಿಲ್ಲ. ನಿಮ್ಮ ಹೊತ್ತಿಗೆ ನೀವು ನೋಡುತ್ತೀರಿ.

• ಯೂಟ್ಯೂಬ್‌ನ ವಾಚ್ ಹಿಸ್ಟರಿ ಅಳಿಸಿ, ಮುಂದೆ ದಾಖಲಾಗದಂತೆ ನಿಲ್ಲಿಸಿ. 2023ರಿಂದೀಚೆಗೆ, ಹಾಗೆ ಮಾಡಿದರೆ ಮುಖಪುಟದಲ್ಲಿ ಶಿಫಾರಸುಗಳು ಬರುವುದಿಲ್ಲ. ಬೇಕಾದದ್ದನ್ನು ಹುಡುಕಿ ನೋಡಬೇಕು. ಆಟೊಪ್ಲೇ ಆಫ್ ಮಾಡಿ.

• 2018ರಿಂದ ಆಂಡ್ರಾಯ್ಡ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’, ಐಫೋನಿನಲ್ಲಿ ‘ಸ್ಕ್ರೀನ್ ಟೈಮ್’ ಇವೆ. ವಾರಕ್ಕೊಮ್ಮೆ ಲೆಕ್ಕ ನೋಡಿ. ಯಾವ ಆ್ಯಪ್ ನಿಮಗೆ ಏನು ಕೊಟ್ಟಿತು ಎಂದು ಕೇಳಿಕೊಳ್ಳಿ.

• ಖಾಲಿಯಾದ ಹೊತ್ತಿಗೆ ಏನು ಎಂಬುದನ್ನು ಮೊದಲೇ ನಿರ್ಧರಿಸಿ. ಫೋನು ಇದ್ದ ಜಾಗದಲ್ಲಿ ಪುಸ್ತಕವನ್ನೋ ಚದುರಂಗದ ಮಣೆಯನ್ನೋ ಇಡಿ.

ಒಬ್ಬರಿಂದ ಆಗುವುದಲ್ಲ

ಎಷ್ಟೇ ಅಭ್ಯಾಸ ಮಾಡಿಕೊಂಡರೂ ರಾತ್ರಿ ಹತ್ತಕ್ಕೆ ಮೇಲಧಿಕಾರಿ ಸಂದೇಶ ಕಳಿಸಿದರೆ ಕೆಳಗಿನವರು ಫೋನು ಮುಟ್ಟಲೇಬೇಕು. ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿ ಮೀಟಿಂಗ್ ಮಾಡುವ ಬೆಂಗಳೂರಿನ ಐ.ಟಿ. ಉದ್ಯೋಗಿಗಳಿಗೆ ಇದು ಚೆನ್ನಾಗಿ ಗೊತ್ತು. ಫ್ರಾನ್ಸ್‌ನಲ್ಲಿ 2017ರ ಜನವರಿಯಿಂದ, ಕೆಲಸದ ವೇಳೆ ಮುಗಿದ ಮೇಲೆ ಸಂಪರ್ಕದಿಂದ ದೂರವಿರುವ ಹಕ್ಕಿನ ಬಗ್ಗೆ ದೊಡ್ಡ ಸಂಸ್ಥೆಗಳು ನೌಕರರ ಜೊತೆ ಮಾತುಕತೆ ನಡೆಸಬೇಕೆಂಬ ಕಾನೂನಿದೆ. ಆಸ್ಟ್ರೇಲಿಯಾ 2024ರ ಆಗಸ್ಟಿನಲ್ಲಿ ಇಂಥದೇ ಹಕ್ಕು ಕೊಟ್ಟಿತು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಇದೇ ಹಕ್ಕಿಗಾಗಿ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ. ಕಾನೂನು ಬರುವವರೆಗೂ ಕಾಯಬೇಕಿಲ್ಲ. ‘ಎಂಟರ ಮೇಲೆ ಸಂದೇಶ ಬೇಡ, ತುರ್ತಿದ್ದರೆ ಕರೆ ಮಾಡಿ’ ಎಂದು ತಂಡದೊಳಗೆ ಒಪ್ಪಂದ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ. ಇದನ್ನು ಮೊದಲು ಹೇಳಬೇಕಾದವರು ಮೇಲಧಿಕಾರಿಗಳೇ.

ಮನೆಯಲ್ಲಿ ಈ ಮೇಲಧಿಕಾರಿಯ ಜಾಗ ಅಪ್ಪ ಅಮ್ಮನದು. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆಯಿರಲಿ ಎಂಬುದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ತುತ್ತಿಗೊಂದು ರೀಲ್ ತೋರಿಸಿ ಉಣ್ಣಿಸುವ ಮನೆಗಳಲ್ಲಿ ಈ ಲೆಕ್ಕ ಬೆಳಗಿನ ತಿಂಡಿಗೇ ಮುಗಿದಿರುತ್ತದೆ. ಕೈಯಲ್ಲಿ ಫೋನು ಹಿಡಿದುಕೊಂಡೇ ‘ಫೋನು ಇಡು’ ಎಂದರೆ ಮಗು ಮಾತು ಕೇಳುವುದಿಲ್ಲ, ಕೈ ನೋಡುತ್ತದೆ.

ಕೆಲವರಿಗೆ ಇದು ಅಭ್ಯಾಸದ ಮಟ್ಟ ದಾಟಿರುತ್ತದೆ. ನಿದ್ರೆ, ಓದು, ಕೆಲಸ, ಸಂಬಂಧ ಕೆಡುತ್ತಿದ್ದರೂ ನಿಲ್ಲಿಸಲಾಗದು. ಫೋನು ತೆಗೆದುಕೊಂಡರೆ ಸಿಟ್ಟು, ತಳಮಳ. ಇಂಥವರಿಗೆ ಗದರಿಕೆಯಿಂದ ಪ್ರಯೋಜನವಿಲ್ಲ, ನೆರವು ಬೇಕು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದು ‘ಶಟ್’ ಕ್ಲಿನಿಕ್ ತೆರೆದಿದೆ. ದೇಶದಲ್ಲಿ ಇಂಥದು ಅದೇ ಮೊದಲು. ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಕನ್ನಡದಲ್ಲೂ ಮಾತಾಡಬಹುದು.

ಉಳಿದ ನಮ್ಮಂಥವರಿಗೆ ಚಿಕಿತ್ಸೆ ಬೇಡ, ಒಂದು ಒಪ್ಪಂದ ಸಾಕು. ಇಂದು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕೂತು ಎರಡೇ ಪ್ರಶ್ನೆ ಇತ್ಯರ್ಥ ಮಾಡಿ. ದಿನದ ಯಾವ ಒಂದು ಗಂಟೆ ನಮ್ಮ ಮನೆಯಲ್ಲಿ ಫೋನಿರಬಾರದು? ಆ ಗಂಟೆಯಲ್ಲಿ ಫೋನುಗಳು ಎಲ್ಲಿರಬೇಕು? ಮಕ್ಕಳಿಗೂ ಮಾತಿನ ಹಕ್ಕು ಕೊಡಿ, ನಿಯಮ ಎಲ್ಲರಿಗೂ ಒಂದೇ ಇರಲಿ. ಆ ಒಂದು ಗಂಟೆ ನಿಂತರೆ ಎರಡನೆಯದನ್ನು ಯೋಚಿಸಿ. ನಿಲ್ಲದಿದ್ದರೆ ಹೊತ್ತು ಬದಲಿಸಿ ನೋಡಿ, ಒಪ್ಪಂದ ಮಾತ್ರ ಮುರಿಯಬೇಡಿ.